ವೆಬ್‌ಸೈಟಿನಿಂದ ಡೇಟಾಬೇಸಿಗೆ



ಬಿಸಿಎ ಅಥವಾ ಡಿಪ್ಲೊಮಾ ಓದುವ ಮಕ್ಕಳು ಮನೆಯಲ್ಲಿದ್ದರೆ ನಿಮಗೆ ಗೊತ್ತೇ ಇರುತ್ತದೆ, ಕೊನೆಯ ವರ್ಷ ಅವರೊಂದು ಪ್ರಾಜೆಕ್ಟ್ ಮಾಡಬೇಕು. ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಟೆಲ್ ಮ್ಯಾನೇಜ್‌ಮೆಂಟ್, ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಹೀಗೆ ಹೆಸರು ಏನೇ ಇರಲಿ, ಬಹುಪಾಲು ಪ್ರಾಜೆಕ್ಟುಗಳ ಒಳಗಿನ ಸರಕು ಒಂದೇ. ಮುಂದೆ ತುಂಬಲು ಒಂದು ಫಾರ್ಮು, ಅದರ ಹಿಂದೆ ಪಿಎಚ್‌ಪಿಯಲ್ಲೋ ಜಾವಾದಲ್ಲೋ ಪೈಥಾನ್‌ನಲ್ಲೋ ಬರೆದ ಪ್ರೋಗ್ರಾಂ, ಅದಕ್ಕೂ ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್. ಹಿಂದಿನ ಈ ಎರಡನ್ನು ಜೋಡಿಸಲು ಪಿಎಚ್‌ಪಿಯಲ್ಲಿ ಒಂದೇ ಸಾಲು ಸಾಕು. ಆ ಸಾಲಿನಲ್ಲಿ ನಾಲ್ಕು ಸಂಗತಿ ಹೇಳಬೇಕು: ಡೇಟಾಬೇಸ್ ಯಾವ ಯಂತ್ರದಲ್ಲಿದೆ, ಯಾರ ಹೆಸರಿನಲ್ಲಿ ಒಳಗೆ ಬರುತ್ತೇವೆ, ಪಾಸ್‌ವರ್ಡ್ ಏನು, ಯಾವ ಡೇಟಾಬೇಸ್ ಬೇಕು. ಸಾಮಾನ್ಯವಾಗಿ ಬರೆಯುವುದು ಹೀಗೆ: ಲೋಕಲ್‌ಹೋಸ್ಟ್, ರೂಟ್, ಪಾಸ್‌ವರ್ಡ್ ಜಾಗ ಖಾಲಿ, ಕೊನೆಗೆ ಪ್ರಾಜೆಕ್ಟಿನ ಹೆಸರು. ಲ್ಯಾಬಿನಲ್ಲಿ ಹಾಕಿಕೊಳ್ಳುವ ಕ್ಸಾಂಪ್ ಎಂಬ ಉಚಿತ ತಂತ್ರಾಂಶ ಬರುವುದೇ ಹಾಗೆ, ರೂಟ್ ಖಾತೆಗೆ ಪಾಸ್‌ವರ್ಡ್ ಇಲ್ಲದೆ.

ವೈವಾ ದಿನ ಅದು ಚೆನ್ನಾಗಿಯೇ ಓಡುತ್ತದೆ. ಒಂದು ಲ್ಯಾಪ್‌ಟಾಪ್, ಒಬ್ಬ ಬಳಕೆದಾರ, ಎದುರಿಗೆ ಇಬ್ಬರು ಪರೀಕ್ಷಕರು. ಅದೇ ಸಾಲು ಮುಂದೆ ಯಾವುದೋ ಸೊಸೈಟಿಯ, ಶಾಲೆಯ, ನರ್ಸಿಂಗ್ ಹೋಮಿನ ವೆಬ್‌ಸೈಟಿಗೆ ಹೋಗಿ ಕುಳಿತಾಗ ಕಷ್ಟ ಶುರು. ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಂ ಬರೆಯುವುದು ಒಂದು ಪಾಠ, ಡೇಟಾಬೇಸ್ ಇನ್ನೊಂದು ಪಾಠ. ನಡುವಿನ ಹಾದಿ ಮಾತ್ರ ಯಾವ ಪಾಠದಲ್ಲೂ ಸರಿಯಾಗಿ ಬರುವುದಿಲ್ಲ. ನನ್ನ ತಿಳುವಳಿಕೆಯಲ್ಲಿ ಅವಘಡಗಳು ಹೆಚ್ಚಾಗಿ ಹುಟ್ಟುವುದು ಅಲ್ಲೇ. ಇವತ್ತಿನ ಮಾತು ಆ ಹಾದಿಯ ಕುರಿತು.

ಮೊದಲು, ಪ್ರೋಗ್ರಾಂ ಮತ್ತು ಡೇಟಾಬೇಸನ್ನು ಬೇರೆ ಬೇರೆ ಇಟ್ಟದ್ದಾದರೂ ಏಕೆ? 1970ರ ಜೂನ್‌ನಲ್ಲಿ, ಅಮೆರಿಕದ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ಪ್ರೋಗ್ರಾಂ ಬರೆಯುವವರಿಗೆ ಮಾಹಿತಿ ಯಾವ ಕ್ರಮದಲ್ಲಿ ಕೂತಿದೆ, ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗುವ ಕೊಂಡಿ ಯಾವುದು ಎಂಬುದೆಲ್ಲ ಗೊತ್ತಿರಬೇಕಿತ್ತು. ಇಟ್ಟ ಕ್ರಮ ಬದಲಾದರೆ ಪ್ರೋಗ್ರಾಂ ಕೆಟ್ಟಿತು ಎಂದೇ ಲೆಕ್ಕ. ಎಲ್ಲವನ್ನೂ ಟೇಬಲ್‌ಗಳಾಗಿ ನೋಡೋಣ ಎಂದರು ಕಾಡ್. ಏನು ಬೇಕು ಎಂದು ಕೇಳುವುದು ಪ್ರೋಗ್ರಾಮಿನ ಕೆಲಸ, ಎಲ್ಲಿಂದ ಹೇಗೆ ತರಬೇಕು ಎಂಬುದು ಡೇಟಾಬೇಸಿನ ತಲೆನೋವು. ಈ ಯೋಚನೆಗೆ 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಐಬಿಎಂನವರೇ ಆದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಹಾಗೆ ಕೇಳುವುದಕ್ಕೊಂದು ಭಾಷೆ ಕಟ್ಟಿದರು. ಅದಕ್ಕಿಟ್ಟ ಹೆಸರು ಸೀಕ್ವೆಲ್. ಆ ಹೆಸರು ಬೇರೆಯವರ ಟ್ರೇಡ್‌ಮಾರ್ಕ್ ಆಗಿದ್ದರಿಂದ ಅದು ಎಸ್‌ಕ್ಯೂಎಲ್ ಆಯಿತು.

ಈ ಭಾಷೆಯ ಒಂದು ಗುಣವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಪ್ರೋಗ್ರಾಮರ್ ಅಲ್ಲದವರೂ ಟರ್ಮಿನಲ್ ಮುಂದೆ ಕುಳಿತು, ಸರಳ ಇಂಗ್ಲಿಷಿನಂಥ ವಾಕ್ಯ ಟೈಪ್ ಮಾಡಿ ಉತ್ತರ ಪಡೆಯಲಿ ಎಂಬುದು ಅದನ್ನು ಕಟ್ಟಿದವರ ಆಸೆ. ಇಂದು ಆ ವಾಕ್ಯವನ್ನು ಹೆಚ್ಚಾಗಿ ಕಟ್ಟುವುದು ಮನುಷ್ಯರಲ್ಲ, ಅಪ್ಲಿಕೇಶನ್‌ಗಳು. ಅದೂ ಯಾರೋ ಅಪರಿಚಿತರು ಫಾರ್ಮಿನಲ್ಲಿ ತುಂಬಿದ ಅಕ್ಷರಗಳನ್ನು ಸೇರಿಸಿಕೊಂಡು.

ಈಗ ಕನೆಕ್ಷನ್ ಎಂದರೆ ಏನು ನಡೆಯುತ್ತದೆ ನೋಡೋಣ. ಅಪ್ಲಿಕೇಶನ್ ಡೇಟಾಬೇಸ್ ಯಂತ್ರದ ಒಂದು ನಿರ್ದಿಷ್ಟ ಪೋರ್ಟಿಗೆ ಕರೆ ಮಾಡುತ್ತದೆ. ಮೈಎಸ್‌ಕ್ಯೂಎಲ್‌ಗೆ ಅದು 3306, ಅಂಥದ್ದೇ ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಗೆ 5432. ಮೈಎಸ್‌ಕ್ಯೂಎಲ್ ತನ್ನ ಆವೃತ್ತಿ ಹೇಳಿ, ಪ್ರತಿ ಬಾರಿಯೂ ಬೇರೆಯಾಗಿರುವ ಒಂದು ಅಡ್ಡಾದಿಡ್ಡಿ ಸಂಖ್ಯೆ ಕಳಿಸುತ್ತದೆ. ಅಪ್ಲಿಕೇಶನ್ ಪಾಸ್‌ವರ್ಡನ್ನು ಆ ಸಂಖ್ಯೆಯ ಜೊತೆ ಕಲಸಿ ಲೆಕ್ಕ ಹಾಕಿ, ಬಂದ ಉತ್ತರವನ್ನಷ್ಟೇ ತಿರುಗಿ ಕಳಿಸುತ್ತದೆ. ಉತ್ತರ ಸರಿಯಿದ್ದರೆ ಖಾತೆಗೆ ಏನೇನು ಅಧಿಕಾರ ಇದೆ ಎಂದು ನೋಡಿ ಒಳಗೆ ಬಿಡುತ್ತದೆ. ಹಾದಿಯನ್ನು ಗೂಢಲಿಪಿಯಲ್ಲಿ ಮುಚ್ಚುವುದಾದರೆ ಅದಕ್ಕೆ ಇನ್ನೊಂದಿಷ್ಟು ಹೋಗಿಬರುವ ಮಾತುಕತೆ. ಒಳಗೆ ಬಂದವನಿಗಾಗಿ ಮೈಎಸ್‌ಕ್ಯೂಎಲ್ ಒಂದು ಥ್ರೆಡ್ ಮೀಸಲಿಡುತ್ತದೆ. ಪೋಸ್ಟ್‌ಗ್ರೆಸ್ ಒಂದು ಇಡೀ ಪ್ರೋಸೆಸ್ಸನ್ನೇ ಹುಟ್ಟಿಸುತ್ತದೆ. ಇಷ್ಟೆಲ್ಲ ಆದ ಮೇಲೆ ನಾವು ಕೇಳುವುದು ಏನು? ಒಬ್ಬ ವಿದ್ಯಾರ್ಥಿಯ ಆರು ವಿಷಯದ ಅಂಕ. ಅದನ್ನು ಹುಡುಕಿ ಕೊಡುವ ಕೆಲಸಕ್ಕಿಂತ ಒಳಗೆ ಬರುವ ಶಿಷ್ಟಾಚಾರಕ್ಕೇ ಹೆಚ್ಚು ಹೊತ್ತು ಹಿಡಿಯುವುದು ಅಪರೂಪವೇನಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೊಸದಾಗಿ ಕಲಿಯುವವರನ್ನು ಗಂಟೆಗಟ್ಟಲೆ ಕೂರಿಸುವುದು ಲೋಕಲ್‌ಹೋಸ್ಟ್. ಅಂದರೆ ಇದೇ ಯಂತ್ರ. ಲಿನಕ್ಸ್‌ನಲ್ಲಿ ಮೈಎಸ್‌ಕ್ಯೂಎಲ್‌ಗೆ ಲೋಕಲ್‌ಹೋಸ್ಟ್ ಎಂದು ಹೇಳಿದರೆ ಅದು ಜಾಲದ ಕಡೆ ತಿರುಗಿಯೂ ನೋಡುವುದಿಲ್ಲ, ಡಿಸ್ಕಿನಲ್ಲಿರುವ ಸಾಕೆಟ್ ಎಂಬ ಕಡತದ ಮೂಲಕ ಹೋಗುತ್ತದೆ. ಅದೇ ಯಂತ್ರವನ್ನು 127.0.0.1 ಎಂದು ಅಂಕಿಯಲ್ಲಿ ಹೇಳಿದರೆ ಜಾಲದ ದಾರಿ ಹಿಡಿಯುತ್ತದೆ. ಅದಕ್ಕೇ ಒಂದರಲ್ಲಿ ಆಗದ್ದು ಇನ್ನೊಂದರಲ್ಲಿ ಆಗುವುದುಂಟು. ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಆವರಣಗಳಲ್ಲಿ ಓಡಿಸುವ ಡಾಕರ್ ಬಳಸುವವರಿಗೆ ಇನ್ನೂ ಒಂದು ಸುತ್ತು. ಅಲ್ಲಿ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ಮಾತ್ರ, ಪಕ್ಕದ ಕಂಟೇನರಿನಲ್ಲಿರುವ ಡೇಟಾಬೇಸ್ ಅಲ್ಲ.

ಸರಿ, ಎಷ್ಟು ಕನೆಕ್ಷನ್ ಇರಬಹುದು? ನಾವಾಗಿ ಬದಲಿಸದಿದ್ದರೆ ಮೈಎಸ್‌ಕ್ಯೂಎಲ್ ಏಕಕಾಲಕ್ಕೆ 151 ಕನೆಕ್ಷನ್‌ಗಳಿಗೆ ಒಪ್ಪುತ್ತದೆ, ಪೋಸ್ಟ್‌ಗ್ರೆಸ್ 100ಕ್ಕೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುವವರು ಸುಮಾರು 8 ಲಕ್ಷ. ಫಲಿತಾಂಶದ ದಿನ ಮಗು ಒಂದು ಫೋನಿನಲ್ಲಿ, ಅಪ್ಪ ಇನ್ನೊಂದರಲ್ಲಿ, ಸೋದರಮಾವ ಮತ್ತೊಂದು ಊರಿನಿಂದ, ಎಲ್ಲರೂ ಒಂದೇ ನೋಂದಣಿ ಸಂಖ್ಯೆ ಒತ್ತುತ್ತಾರೆ. ಪುಟ ತೆರೆಯದಿದ್ದರೆ ಮತ್ತೆ ಒತ್ತುತ್ತಾರೆ. ಪ್ರತಿ ಒತ್ತಿಗೂ ಹೊಸ ಕನೆಕ್ಷನ್ ಎಂದಾದರೆ ಯಾವ ಡೇಟಾಬೇಸೂ ಉಳಿಯಲಾರದು.

ವೆಬ್ಬಿನ ಮೊದಲ ದಿನಗಳಲ್ಲಿ ನಡೆಯುತ್ತಿದ್ದುದೇ ಹಾಗೆ. 1993ರಲ್ಲಿ ಬಂದ ಸಿಜಿಐ ಪದ್ಧತಿಯಲ್ಲಿ ಒಂದೊಂದು ಕೋರಿಕೆಗೂ ಒಂದೊಂದು ಪ್ರೋಗ್ರಾಂ ಹುಟ್ಟಿ, ಕನೆಕ್ಷನ್ ತೆರೆದು, ಉತ್ತರ ಕೊಟ್ಟು ಸಾಯುತ್ತಿತ್ತು. ಆಗ ಬರುವ ಜನವೂ ಕಡಿಮೆ, ನಡೆದುಹೋಯಿತು. ಆಮೇಲೆ ಕಂಡುಕೊಂಡ ಉಪಾಯವೇ ಕನೆಕ್ಷನ್ ಪೂಲ್. ಅಡಿಕೆ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಮದ್ದು ಹೊಡೆಯಲು ಮನೆಗೊಂದು ಪಂಪು ಕೊಳ್ಳುವ ಬದಲು ಸೊಸೈಟಿಯಲ್ಲಿ ಹತ್ತು ಪಂಪು ಇಟ್ಟಿರುತ್ತಾರೆ. ಬೇಕಾದವರು ಒಯ್ಯುತ್ತಾರೆ, ಕೆಲಸ ಮುಗಿಸಿ ತಂದಿಡುತ್ತಾರೆ, ಮುಂದಿನವರು ಒಯ್ಯುತ್ತಾರೆ. ಅಪ್ಲಿಕೇಶನ್ ಶುರುವಾಗುವಾಗಲೇ ಹತ್ತು ಕನೆಕ್ಷನ್ ತೆರೆದಿಟ್ಟುಕೊಂಡು, ಬಂದ ಕೋರಿಕೆಗಳಿಗೆ ಅವನ್ನೇ ಎರವಲು ಕೊಡುವುದು ಇದೇ ಲೆಕ್ಕ.

ಹತ್ತು ಎಂದರೆ ತೀರಾ ಕಡಿಮೆ ಎನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಂದು ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಹಾಕುವ ಒಂದು ಪ್ರಶ್ನೆಗೆ, 5 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಒಂದು ಕನೆಕ್ಷನ್ ಸೆಕೆಂಡಿಗೆ 200 ಕ್ವೆರಿ ಮುಗಿಸುತ್ತದೆ. ಹತ್ತು ಸೇರಿದರೆ 2,000. ಜಾವಾ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಹಿಕಾರಿ ಎಂಬ ಪೂಲ್ ತಾನಾಗಿ ಇಟ್ಟುಕೊಳ್ಳುವ ಮಿತಿಯೂ ಹತ್ತೇ. ಸೈಟ್ ನಿಧಾನವಾಯಿತು ಎಂದು ಪೂಲನ್ನು ಐನೂರಕ್ಕೆ ಏರಿಸುವವರಿದ್ದಾರೆ. ಡೇಟಾಬೇಸ್ ಯಂತ್ರದಲ್ಲಿ ಇರುವುದು ಎಂಟು ಕೋರ್, ಐನೂರು ಮಂದಿ ಒಮ್ಮೆಗೇ ಅದರ ಮೇಲೆ ಬಿದ್ದರೆ ಕೆಲಸ ಇನ್ನೂ ನಿಧಾನವಾಗುತ್ತದೆ. ಕಾಯುವ ಸಾಲು ಅಪ್ಲಿಕೇಶನ್ ಕಡೆಗಿರಲಿ, ಡೇಟಾಬೇಸಿನ ಒಳಗೆ ಬೇಡ.

ಕನೆಕ್ಷನ್ ತೆಗೆದುಕೊಂಡವರು ಹಿಂತಿರುಗಿಸಬೇಕು, ಇದು ಪೂಲಿನ ಪ್ರಾಣ. ಎಲ್ಲ ಸರಿಯಾಗಿ ನಡೆದಾಗ ಹಿಂತಿರುಗಿಸುವ ಕೋಡನ್ನು ಎಲ್ಲರೂ ಬರೆಯುತ್ತಾರೆ. ನಡುವೆ ತಪ್ಪು ಸಂಭವಿಸಿ ಪ್ರೋಗ್ರಾಂ ಬೇರೆ ದಾರಿ ಹಿಡಿದಾಗ ಆ ಸಾಲು ತಲುಪುವುದೇ ಇಲ್ಲ. ಅಲ್ಲಿಗೆ ಒಂದು ಕನೆಕ್ಷನ್ ಹೋಯಿತು. ಹೀಗೆ ಹತ್ತು ತಪ್ಪು ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹನ್ನೊಂದನೆಯ ಕೋರಿಕೆಗೆ ಇಡೀ ಸೈಟು ಸ್ತಬ್ಧ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಆದ್ದರಿಂದ ದಿನಾ ರೀಸ್ಟಾರ್ಟ್ ಮಾಡುವುದೇ ಕೆಲವೆಡೆ ಪರಿಹಾರ ಎನಿಸಿಕೊಂಡುಬಿಟ್ಟಿದೆ! ಪೈಥಾನ್‌ನ ವಿತ್, ಜಾವಾದ ಟ್ರೈ ಇರುವುದು ಇದಕ್ಕೇ. ಹೇಗೆ ಹೊರಬಿದ್ದರೂ ಕನೆಕ್ಷನ್ ತಾನಾಗಿ ಹಿಂತಿರುಗುವಂತೆ ಬರೆಯಬಹುದು.

ಇನ್ನೊಂದು ಹಳೆಯ ಕಾಟ ಬೆಳಗಿನದು. ರಾತ್ರಿಯಿಡೀ ಸೈಟಿಗೆ ಯಾರೂ ಬಂದಿಲ್ಲ. ಬೆಳಗ್ಗೆ ಮೊದಲು ಬಂದವರಿಗೆ ಎರರ್, ಮತ್ತೆ ಒತ್ತಿದರೆ ಸರಿ. ಕಾರಣ ಇಷ್ಟೆ: ಸುಮ್ಮನೆ ಬಿದ್ದಿರುವ ಕನೆಕ್ಷನನ್ನು ಮೈಎಸ್‌ಕ್ಯೂಎಲ್ 28,800 ಸೆಕೆಂಡ್, ಅಂದರೆ ಎಂಟು ಗಂಟೆ, ಆದ ಮೇಲೆ ಕತ್ತರಿಸಿ ಹಾಕುತ್ತದೆ. ಪೂಲಿಗೆ ಆ ಸುದ್ದಿ ತಿಳಿದಿರುವುದಿಲ್ಲ, ಸತ್ತ ಕನೆಕ್ಷನನ್ನೇ ಎತ್ತಿ ಕೊಡುತ್ತದೆ. ಎಂಟು ಗಂಟೆಗಿಂತ ಕಡಿಮೆ ಆಯಸ್ಸನ್ನು ಪೂಲಿನಲ್ಲೇ ನಿಗದಿ ಮಾಡಿಟ್ಟರೆ ಈ ಕಾಟ ತಪ್ಪುತ್ತದೆ.

ಫಲಿತಾಂಶದ ದಿನದ ವಿಷಯಕ್ಕೆ ಬಂದರೆ, ಪೂಲ್ ಅಲ್ಲಿ ಎರಡನೆಯ ಮಾತು. ಒಮ್ಮೆ ಪ್ರಕಟವಾದ ಅಂಕ ಮರುಮೌಲ್ಯಮಾಪನದವರೆಗೆ ಬದಲಾಗುವುದಿಲ್ಲ. ಬದಲಾಗದ್ದನ್ನು ಪದೇಪದೇ ಡೇಟಾಬೇಸನ್ನು ಕೇಳುವುದೇಕೆ? ಮೊದಲೇ ಪುಟಗಳನ್ನು ಮಾಡಿಟ್ಟುಕೊಂಡು ಹಂಚಬಹುದು. ವಿಕಿಪೀಡಿಯ ಬದುಕಿರುವುದೇ ಹೀಗೆ. ನಮ್ಮ ಕನ್ನಡ ವಿಕಿಪೀಡಿಯವೂ ಸೇರಿದಂತೆ ಅದರ ಹಿಂದಿರುವುದು ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್‌ನ ದಾಯಾದಿ ಮರಿಯಾಡಿಬಿ. ಆದರೂ ಓದಲು ಬರುವ ಬಹುಪಾಲು ಜನರ ಕೋರಿಕೆ ಡೇಟಾಬೇಸಿನವರೆಗೆ ಹೋಗುವುದೇ ಇಲ್ಲ, ಮುಂದಿರುವ ಕ್ಯಾಶ್ ಸರ್ವರುಗಳಲ್ಲೇ ಮುಗಿಯುತ್ತದೆ.

ವಿಕಿಪೀಡಿಯದ ಹೆಸರು ಬಂದದ್ದರಿಂದ ಕನ್ನಡದ ಅಕ್ಷರಗಳ ಪಾಡನ್ನೂ ಹೇಳಬೇಕು. ಕನೆಕ್ಷನ್ ತೆರೆಯುವಾಗ ಹೇಳಬೇಕಾದ ನಾಲ್ಕು ಸಂಗತಿ ಎಂದೆನಲ್ಲ, ಕನ್ನಡಿಗರಿಗೆ ಐದನೆಯದೊಂದಿದೆ: ಈ ಹಾದಿಯಲ್ಲಿ ಅಕ್ಷರಗಳು ಯಾವ ಸಂಕೇತದಲ್ಲಿ ಓಡಾಡುತ್ತವೆ ಎಂಬುದು. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ಬೇಕು. ‘ಕರ್ನಾಟಕ’ ಎಂಬುದು ಕಣ್ಣಿಗೆ ನಾಲ್ಕು ಅಕ್ಷರ. ಅರ್ಧಾಕ್ಷರದ ಗುರುತು, ದೀರ್ಘ ಎಲ್ಲ ಬಿಡಿಸಿದರೆ ಏಳು ಚಿಹ್ನೆ, ಒಟ್ಟು 21 ಬೈಟ್. ಹಳೆಯ ಮೈಎಸ್‌ಕ್ಯೂಎಲ್ ಕನೆಕ್ಷನ್‌ಗಳು ಬೇರೇನೂ ಹೇಳದಿದ್ದರೆ ಲ್ಯಾಟಿನ್-1 ಎಂಬ ಯುರೋಪಿನ ಸಂಕೇತವನ್ನೇ ಹಿಡಿಯುತ್ತಿದ್ದವು. ಟೇಬಲ್ಲಿನಲ್ಲಿ ಕನ್ನಡ ಸರಿಯಾಗಿದ್ದರೂ ಆ ಹಾದಿಯಲ್ಲಿ ಹೊರಬರುವಾಗ ‘ಕರ್ನಾಟಕ’ ಏಳು ಪ್ರಶ್ನಾರ್ಥಕ ಚಿಹ್ನೆಯಾಗುತ್ತಿತ್ತು. ಓದುವಾಗ ಹೀಗಾದರೆ ಚಿಂತೆಯಿಲ್ಲ, ಕನೆಕ್ಷನ್ ಸರಿಮಾಡಿದರೆ ಕನ್ನಡ ಮರಳುತ್ತದೆ. ಬರೆಯುವಾಗಲೇ ಪ್ರಶ್ನಾರ್ಥಕವಾಗಿ ಒಳಗೆ ಕೂತಿತೋ, ಅದನ್ನು ಮರಳಿ ಪಡೆಯುವ ದಾರಿ ಇಲ್ಲ. ತಲೆಯ ಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳ ಸಾಲು ಕಂಡರೆ ಅಷ್ಟು ಹೆದರಬೇಕಿಲ್ಲ. ಅಲ್ಲಿ ಬೈಟುಗಳು ಸಾಮಾನ್ಯವಾಗಿ ಹಾಗೇ ಉಳಿದಿರುತ್ತವೆ, ಅರ್ಥ ಮಾಡಿಕೊಂಡದ್ದು ಮಾತ್ರ ತಪ್ಪಾಗಿರುತ್ತದೆ.

ಇದರಲ್ಲೊಂದು ತಮಾಷೆಯೂ ಇದೆ. ಮೈಎಸ್‌ಕ್ಯೂಎಲ್ ‘ಯುಟಿಎಫ್8’ ಎಂದು ಕರೆದದ್ದು ಪೂರ್ತಿ ಯುಟಿಎಫ್-8 ಅಲ್ಲ, ಮೂರು ಬೈಟಿಗೆ ನಿಂತುಹೋಗುವ ಅರೆಬರೆ ರೂಪ. ಕನ್ನಡ ಮೂರು ಬೈಟಿನಲ್ಲೇ ಮುಗಿಯುವುದರಿಂದ ನಮ್ಮವರಿಗೆ ಇದು ಗೊತ್ತಾಗಲೇ ಇಲ್ಲ. ನಾಲ್ಕು ಬೈಟಿನ ಇಮೋಜಿ ಬಂದ ಮೇಲೆ, ‘ಶುಭಾಶಯಗಳು’ ಎಂದು ಬರೆದು ಒಂದು ನಗುಮುಖ ಅಂಟಿಸಿದ ಸಂದೇಶ ಉಳಿಯದೇ ಹೋಗತೊಡಗಿತು. 2010ರಲ್ಲಿ ಬಂದ ಯುಟಿಎಫ್8ಎಂಬಿ4 ಎಂಬ ಹೆಸರಿನದೇ ನಿಜವಾದದ್ದು. 2018ರ 8.0 ಆವೃತ್ತಿಯಿಂದ ಅದು ತಾನಾಗಿ ಬರುತ್ತದೆ. ವಿಕಿಪೀಡಿಯದವರು ಈ ಗೊಂದಲವೇ ಬೇಡವೆಂದು ಬರೀ ಬೈಟುಗಳಾಗಿಯೇ ಇಡುತ್ತಾರೆ. ಅದಕ್ಕೂ ಬೆಲೆಯುಂಟು. ಲೇಖನದ ಶೀರ್ಷಿಕೆಗೆ ಅಲ್ಲಿ 255 ಬೈಟ್ ಮಿತಿ, ಇಂಗ್ಲಿಷಿಗೆ 255 ಅಕ್ಷರ ಸಿಕ್ಕರೆ ಕನ್ನಡಕ್ಕೆ 85 ಚಿಹ್ನೆ.

ಟ್ರಾನ್ಸಾಕ್ಷನ್ ಕುರಿತು ಚುಟುಕಾಗಿ. ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಕೂಡಿಸುವ ಎರಡು ಕೆಲಸ ಒಟ್ಟಿಗೆ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಈ ಖಾತರಿ ಕೊಡುವ ವಿದ್ಯೆಯನ್ನು ಗಟ್ಟಿಮಾಡಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು. ಹಾದಿಯ ದೃಷ್ಟಿಯಿಂದ ತಿಳಿಯಬೇಕಾದದ್ದು ಒಂದೇ: ಟ್ರಾನ್ಸಾಕ್ಷನ್ ಕನೆಕ್ಷನ್ನಿಗೆ ಸೇರಿದ್ದು. ಆರಂಭದ ಆದೇಶವನ್ನು ಪೂಲಿನ ಒಂದು ಕನೆಕ್ಷನ್ನಿನಲ್ಲಿ ಕಳಿಸಿ, ಹಣ ಕಳೆಯುವ ಆದೇಶ ಇನ್ನೊಂದರಲ್ಲಿ ಹೋದರೆ ಖಾತರಿ ಇಲ್ಲ. ಎರರ್ ಕೂಡ ಬರುವುದಿಲ್ಲ, ಅದೇ ಅಪಾಯ.

ಇನ್ನು ಎಲ್ಲಕ್ಕಿಂತ ದೊಡ್ಡ ವಿಷಯ. ಎಸ್‌ಕ್ಯೂಎಲ್ ಟೈಪ್ ಮಾಡುವ ವಾಕ್ಯ ಎಂದೆ. ಫಾರ್ಮಿನಲ್ಲಿ ಬಂದ ಹೆಸರನ್ನು ಆ ವಾಕ್ಯದ ನಡುವೆ ಉದ್ಧರಣ ಚಿಹ್ನೆಗಳ ಒಳಗೆ ಅಂಟಿಸಿ ಕಳಿಸುವುದು ಸುಲಭದ ದಾರಿ. ಮಂಗಳೂರಿನ ಡಿಸೋಜ ಒಬ್ಬರು ಬಂದು ಇಂಗ್ಲಿಷಿನಲ್ಲಿ ತಮ್ಮ ಹೆಸರು ತುಂಬುತ್ತಾರೆ. ಡಿ ಆದ ಮೇಲೆ ಮೇಲೊಂದು ಅಪಾಸ್ಟ್ರಫಿ, ಆಮೇಲೆ ಸೋಜ. ಎಸ್‌ಕ್ಯೂಎಲ್ ಲೆಕ್ಕದಲ್ಲಿ ಆ ಅಪಾಸ್ಟ್ರಫಿಗೆ ಹೆಸರು ಮುಗಿಯಿತು. ಉಳಿದ ‘ಸೋಜ’ ಹೆಸರಲ್ಲ, ಆದೇಶ! ಅಂಥ ಆದೇಶ ಇಲ್ಲದ್ದರಿಂದ ಎರರ್. ಕರಾವಳಿಯ ಡಿಸೋಜ, ಡಿಸಿಲ್ವ, ಡಿಕುನ್ಹ ಮನೆತನದವರು ತಮ್ಮ ಹೆಸರನ್ನು ಸೈಟು ತೆಗೆದುಕೊಳ್ಳುತ್ತಿಲ್ಲ ಎಂದರೆ ಆಫೀಸಿನವರು ಅಪಾಸ್ಟ್ರಫಿ ಬಿಟ್ಟು ಬರೆಯಿರಿ ಎಂದು ಕಳಿಸಿಬಿಡುವುದುಂಟು. ಅದು ಹೆಸರಿನ ದೋಷವಲ್ಲ. ಫಾರ್ಮಿನಲ್ಲಿ ಬರೆದದ್ದು ಡೇಟಾಬೇಸಿಗೆ ಆದೇಶವಾಗಿ ತಲುಪುತ್ತಿದೆ ಎಂಬ ಎಚ್ಚರಿಕೆ. ಡಿಸೋಜ ಅವರ ಜಾಗದಲ್ಲಿ ಕಿಡಿಗೇಡಿ ಇದ್ದರೆ ಅಪಾಸ್ಟ್ರಫಿಯ ನಂತರ ‘ಸೋಜ’ ಎಂದು ಬರೆಯುವುದಿಲ್ಲ, ಎಲ್ಲರ ದಾಖಲೆ ತೋರಿಸು ಎಂದು ಬರೆಯುತ್ತಾನೆ.

ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು. 1998ರಲ್ಲೇ ಇದನ್ನು ಬಹಿರಂಗವಾಗಿ ಬರೆದು ತೋರಿಸಿದ್ದರು. ಹದಿನೇಳು ವರ್ಷದ ಬಳಿಕ, 2015ರ ಅಕ್ಟೋಬರ್‌ನಲ್ಲಿ, ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯ 1,56,959 ಗ್ರಾಹಕರ ವಿವರ ಇದೇ ದಾರಿಯಲ್ಲಿ ಹೊರಹೋಯಿತು. 15,656 ಮಂದಿಯ ಬ್ಯಾಂಕ್ ಖಾತೆ ಸಂಖ್ಯೆಯೂ ಸೇರಿತ್ತು. ಟಾಕ್‌ಟಾಕ್ 2009ರಲ್ಲಿ ಇನ್ನೊಂದು ಕಂಪನಿಯನ್ನು ಕೊಂಡಿತ್ತು. ಜೊತೆಗೆ ಬಂದ ಹಳೆಯ ವೆಬ್ ಪುಟಗಳು ಇನ್ನೂ ತೆರೆದೇ ಇವೆ ಎಂಬುದು ಅದಕ್ಕೆ ತಿಳಿದಿರಲಿಲ್ಲ. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2016ರಲ್ಲಿ 4 ಲಕ್ಷ ಪೌಂಡ್ ದಂಡ ಹಾಕಿತು.

ತಡೆಯುವ ದಾರಿ ಕಷ್ಟದ್ದಲ್ಲ. ವಾಕ್ಯವನ್ನೂ ಹೆಸರನ್ನೂ ಬೇರೆ ಬೇರೆಯಾಗಿ ಕಳಿಸುವುದು. ಮೊದಲು ವಾಕ್ಯ ಹೋಗುತ್ತದೆ, ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಡೇಟಾಬೇಸ್ ಅದರ ಅರ್ಥ ಬಿಡಿಸಿಟ್ಟುಕೊಳ್ಳುತ್ತದೆ. ಹೆಸರು ಆಮೇಲೆ ಪ್ರತ್ಯೇಕವಾಗಿ ಹೋಗುತ್ತದೆ. ಅದರಲ್ಲಿ ಅಪಾಸ್ಟ್ರಫಿ ಇರಲಿ, ಇಡೀ ಎಸ್‌ಕ್ಯೂಎಲ್ ಆದೇಶವೇ ಇರಲಿ, ಅದು ಬರೀ ಹೆಸರು. ಇದನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಪಿಎಚ್‌ಪಿಯ ಪಿಡಿಓ, ಜಾವಾದ ಜೆಡಿಬಿಸಿ, ಪೈಥಾನ್‌ನ ಡ್ರೈವರುಗಳು ಎಲ್ಲದರಲ್ಲೂ ಇದಕ್ಕೆ ಅನುಕೂಲವಿದೆ. ಒಂದು ಎಚ್ಚರ ಬೇಕು. ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂಬಂಥ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ನಡೆಯುವುದಿಲ್ಲ. ಅಲ್ಲಿ ಒಪ್ಪಿತ ಹೆಸರುಗಳ ಪಟ್ಟಿ ಇಟ್ಟುಕೊಂಡು, ಪಟ್ಟಿಯಲ್ಲಿಲ್ಲದ್ದನ್ನು ತಳ್ಳಿಹಾಕಬೇಕು. ಹಳೆಯ ಪಿಎಚ್‌ಪಿ ಪುಸ್ತಕಗಳಲ್ಲಿರುವ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳಲ್ಲಿ ಈ ಅನುಕೂಲವೇ ಇರಲಿಲ್ಲ. 2015ರ ಪಿಎಚ್‌ಪಿ 7ರಲ್ಲಿ ಅವನ್ನು ಕಿತ್ತುಹಾಕಿದ್ದು ಒಳ್ಳೆಯದೇ ಆಯಿತು.

ಕೊನೆಯದಾಗಿ ರೂಟ್. ರೂಟ್ ಎಂದರೆ ಟೇಬಲ್ ಅಳಿಸುವವನೂ ಅವನೇ, ಬೇರೆ ಡೇಟಾಬೇಸುಗಳನ್ನು ನೋಡುವವನೂ ಅವನೇ. ಪುಸ್ತಕದ ಪಟ್ಟಿ ತೋರಿಸುವ ಪುಟಕ್ಕೆ ಅಷ್ಟು ಅಧಿಕಾರ ಬೇಕಿಲ್ಲ. ಅಪ್ಲಿಕೇಶನ್ನಿಗೆ ಒಂದು ಪ್ರತ್ಯೇಕ ಖಾತೆ ಮಾಡಿ; ಓದುವ, ಸೇರಿಸುವ, ತಿದ್ದುವ ಅಧಿಕಾರ ಸಾಕು, ಟೇಬಲ್ ಅಳಿಸುವ ಅಧಿಕಾರ ಬೇಡ. ವರದಿಯ ಪುಟಗಳಿಗೆ ಓದುವ ಅಧಿಕಾರವಷ್ಟೇ ಸಾಕು. ಪಾಸ್‌ವರ್ಡನ್ನು ಕೋಡಿನೊಳಗೆ ಬರೆಯದೆ ಹೊರಗೆ, ವೆಬ್ ಸರ್ವರ್ ಹಂಚುವ ಫೋಲ್ಡರಿನ ಆಚೆ ಇಡಿ. 3306 ಪೋರ್ಟ್ ಇಂಟರ್ನೆಟ್ಟಿಗೆ ತೆರೆದಿರಬಾರದು, ಅಪ್ಲಿಕೇಶನ್ ಯಂತ್ರಕ್ಕೆ ಕಂಡರೆ ಸಾಕು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಇದು.

ಇಂಥ ಸೈಟನ್ನು ನೀವು ನಡೆಸುತ್ತಿದ್ದರೆ ಇವತ್ತೇ ನಿಮ್ಮ ಫಾರ್ಮಿನಲ್ಲಿ ಅಪಾಸ್ಟ್ರಫಿ ಇರುವ ಒಂದು ಹೆಸರು ತುಂಬಿ ನೋಡಿ. ಎರರ್ ಬಂದರೆ ಕೋಡ್ ಬರೆದವರನ್ನು ಕರೆಸಿ. ಈ ಪರೀಕ್ಷೆಯನ್ನು ನಿಮ್ಮ ಸೈಟಿನಲ್ಲಿ ಮಾತ್ರ ಮಾಡಿ. ಬೇರೆಯವರ ಸೈಟಿನೊಳಗೆ ಅನುಮತಿಯಿಲ್ಲದೆ ನುಗ್ಗುವುದಕ್ಕೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ.